ಕ್ವಾರಿಗಳಿಗೂ ಸುರಕ್ಷತಾ ಬಹುಮಾನ ಇದೆ: ಲೆಕ್ಕ ಹಾಕೋದು ಹೇಗೆ, ಲೆಕ್ಕದಿಂದ ಹೊರಗುಳಿಯೋದು ಯಾರು?

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸುತ್ತಮುತ್ತಲ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿ ಬಂದರು. ನಗರದ ಪಕ್ಕದ ಹುಣಸೋಡಿನ ಜಲ್ಲಿ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಕನಿಷ್ಠ 5 ಮಂದಿ ಸತ್ತರು. ಅದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ತವರು ಜಿಲ್ಲೆ. ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಇನ್ನೂ 6 ಮಂದಿ ಹೋದರು.

ಇದೇ ಉದ್ಯಮದಲ್ಲಿ ಸುರಕ್ಷತೆಗಾಗಿ ಸ್ಪರ್ಧೆಗಳೂ ನಡೆಯುತ್ತವೆ.

ಏನಿದು ಸ್ಪರ್ಧೆ?

ಅಮೆರಿಕದಲ್ಲಿ ಗಣಿಗಳಿಗೆ ‘ಸೆಂಟಿನೆಲ್ಸ್ ಆಫ್ ಸೇಫ್ಟಿ’ ಪ್ರಶಸ್ತಿ 1925ರಲ್ಲೇ ಶುರುವಾಯಿತು. ಮರಳು-ಜಲ್ಲಿ ಕಂಪನಿಗಳಿಗೆ ಅಲ್ಲಿ ಪ್ರತ್ಯೇಕ ಸ್ಪರ್ಧೆಯೂ ಇತ್ತು. ನಮ್ಮಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ 1983ರಲ್ಲಿ ಗಣಿಗಳಿಗೆ ರಾಷ್ಟ್ರೀಯ ಸುರಕ್ಷತಾ ಪ್ರಶಸ್ತಿ ಆರಂಭಿಸಿತು. ಧನ್‌ಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಉಸ್ತುವಾರಿಯಲ್ಲಿ ಗಣಿ ಸುರಕ್ಷತಾ ಸಪ್ತಾಹವೂ ನಡೆಯುತ್ತದೆ. ಬೇರೆ ಗಣಿಗಳವರ ತಂಡ ಬಂದು ತಪಾಸಣೆ ಮಾಡಿ ಅಂಕ ಕೊಡುತ್ತೆ.

ಅಂಕಗಣಿತ

ರಾಷ್ಟ್ರೀಯ ಪ್ರಶಸ್ತಿಗೆ ಮುಖ್ಯ ಅಳತೆ ಎರಡು: ಅಪಘಾತವಿಲ್ಲದೆ ಕಳೆದ ಅವಧಿ, ಮತ್ತು ಕೆಲಸದ ಪಾಳಿಗಳಿಗೆ ಹೋಲಿಸಿದರೆ ಎಷ್ಟು ಜನಕ್ಕೆ ಗಾಯವಾಯಿತು ಅನ್ನೋ ದರ. 20,000 ಪಾಳಿಗೆ 3 ಗಾಯ ಅಂದರೆ ಲಕ್ಷಕ್ಕೆ 15. ಒಂದು ಗಾಯವನ್ನು ‘ರಜೆ’ ಅಂತ ಬರೆದುಬಿಟ್ಟರೆ ಅದು 10ಕ್ಕೆ ಇಳಿಯುತ್ತೆ. ಕ್ವಾರಿಯಲ್ಲಿ ಮಾತ್ರ ಏನೂ ಬದಲಾಗಿರಲ್ಲ.

ಇನ್ನೊಂದು ತೊಡಕಿದೆ. 10 ಜನ ವರ್ಷಕ್ಕೆ 300 ದಿನ ದುಡಿಯುವ ಕ್ವಾರಿಯಲ್ಲಿ ಆಗೋದು 3,000 ಪಾಳಿ. ಲಕ್ಷಕ್ಕೆ 15ರ ಅಪಾಯವೇ ಇದ್ದರೂ, ಅಂಥ 100 ಕ್ವಾರಿಗಳಲ್ಲಿ ಸುಮಾರು 64ರಲ್ಲಿ ಒಂದೂ ಗಾಯವಾಗದೆ ವರ್ಷ ಕಳೆಯುತ್ತೆ. ಅದು ಅದೃಷ್ಟ, ಸುರಕ್ಷತೆ ಅಲ್ಲ.

ಹೊರಗುಳಿದವರು

ಹುಣಸೋಡು ಸ್ಫೋಟದ ಹೊತ್ತಿಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ಮರಳು, ಜಲ್ಲಿ, ಕಟ್ಟಡ ಕಲ್ಲು ತೆಗೆಯುವ ತೆರೆದ ಗುಂಡಿ 6 ಮೀಟರ್ ಮೀರದೆ, 50ಕ್ಕಿಂತ ಹೆಚ್ಚು ಜನರಿಲ್ಲದೆ, ಸ್ಫೋಟಕ ಬಳಸದೆ ಇದ್ದರೆ ಕಾಯ್ದೆಯ ಬಹುಪಾಲು ನಿಯಮಗಳಿಂದ ವಿನಾಯಿತಿ. ಅಂದರೆ ತುಂಗಾ-ಭದ್ರಾ ದಡದಲ್ಲಿ ಮರಳು ತುಂಬುವ ಕೂಲಿಯವರು ಈ ಲೆಕ್ಕಕ್ಕೆ ಸಿಗೋದೇ ಕಷ್ಟ. ಸ್ಫೋಟಕ ಬಳಸಿದ ಕೂಡಲೇ ವಿನಾಯಿತಿ ಹೋಗುತ್ತೆ. ಆದರೆ ಕದ್ದು ಸಿಡಿಸುವವರು ಅರ್ಜಿ ಹಾಕಿ ಸ್ಪರ್ಧೆಗೆ ಬರಲ್ಲವಲ್ಲ.

ಹಾಗಾದರೆ ಸ್ಪರ್ಧೆ ಬೇಡವಾ?

ಬೇಕು, ಅಳತೆ ಬದಲಾಗಬೇಕು. ಧೂಳು ಏಳದಂತೆ ನೀರು ಬಿಟ್ಟು ಕೊರೆಯುತ್ತಾರಾ? ಕನ್ವೇಯರ್ ಬೆಲ್ಟಿಗೆ ಜಾಲರಿ ಇದೆಯಾ? ಸಿಡಿಮದ್ದು ಇಡುವವರಿಗೆ ಪ್ರಮಾಣಪತ್ರ ಇದೆಯಾ? ಸ್ವಲ್ಪದರಲ್ಲಿ ತಪ್ಪಿದ ಅನಾಹುತವನ್ನು ಹೇಳಿಕೊಂಡವರಿಗೆ ಅಂಕ ಸಿಗುತ್ತಾ, ಶಿಕ್ಷೆನಾ? ಗುತ್ತಿಗೆ ಲೋಡರ್, ಲಾರಿ ಡ್ರೈವರ್ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯಾ?

ಮುಂದಿನ ಸಲ ಯಾವುದಾದರೂ ಕ್ವಾರಿಗೆ ಸುರಕ್ಷತಾ ಬಹುಮಾನ ಬಂದ ಸುದ್ದಿ ಓದಿದಾಗ, ಮೊದಲು ಆ ಹಾಜರಿ ಪುಸ್ತಕದ ಬಗ್ಗೆ ಕೇಳಿ.