ಆಚರಣೆಯ ಮೂಲ ಮತ್ತು ಅದರ ಪ್ರಮಾಣ: ಹಾನಗಲ್ಲು ಸೀಮೆಯ ಹೋರಿ ಹಬ್ಬ

ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲ್ಗೊಂಡು ಮುಂದೆ ಕೆಲವು ತಿಂಗಳ ಕಾಲ ಊರೂರಿನಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬವನ್ನು ಕಾಣದವರು ಆ ಭಾಗದಲ್ಲಿ ವಿರಳ. ಹುರುಳಿ, ಹಿಂಡಿಗಳನ್ನು ತಿನ್ನಿಸಿ ಸಾಕಿದ ಹೋರಿಗೆ ಝೂಲ ಹೊದಿಸಿ, ಗೆಜ್ಜೆ ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ, ಜನ ಕಿಕ್ಕಿರಿದ ಅಖಾಡದ ನಡುವೆ ಬಿಡುತ್ತಾರೆ. ಓಡುವ ಹೋರಿಯ ಕೊರಳಿನ ಕೊಬ್ಬರಿಯನ್ನು ಹರಿದುಕೊಂಡವನು ಗೆದ್ದವನು. ಕೊಬ್ಬರಿ ಹರಿಯಗೊಡದೆ ಅಖಾಡವನ್ನು ದಾಟಿದ ಹೋರಿಯೂ ಗೆದ್ದಂತೆಯೇ. ಈ ಆಚರಣೆಯ ಮೂಲ ಯಾವುದು, ಅದನ್ನು ನಿರ್ಣಯಿಸಲು ನಮಗೆ ದೊರೆಯತಕ್ಕ ಪ್ರಮಾಣಗಳು ಎಂತಹವು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದು ಕೇವಲ ಪಂಡಿತರ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿದಾಗ, ಇಂತಹ ಆಟವು ಸಂಸ್ಕೃತಿಯ ಅಂಗವೇ ಅಲ್ಲವೇ ಎಂಬ ವಿಚಾರ ತೀರ್ಪಿನೊಳಗೆ ಬಂದಿತು. ಕರ್ನಾಟಕವು 2017ರಲ್ಲಿ ಕಂಬಳ ಮೊದಲಾದ ಓಟಗಳಿಗೆ ಅವಕಾಶ ಕಲ್ಪಿಸಿ ಶಾಸನವನ್ನು ತಿದ್ದಿತು. ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಅದನ್ನೂ 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಎತ್ತಿಹಿಡಿಯಿತು. ಅಂದಿನಿಂದ ಪ್ರಾಚೀನತೆ ಎಂಬುದು ವಾದದ ಸಾಧನವಾಗಿದೆ. ನಮ್ಮ ಸೀಮೆಯ ಹೋರಿ ಹಬ್ಬದ ಅಭಿಮಾನಿಗಳೂ ಇದನ್ನು ಒಮ್ಮೆ ಮಹಾಭಾರತದ ಕಾಲಕ್ಕೆ, ಒಮ್ಮೆ ವೀರಗಲ್ಲುಗಳ ಕಾಲಕ್ಕೆ ಒಯ್ಯುತ್ತಾರೆ. ಆ ಅಭಿಮಾನ ಸಹಜವಾದುದು. ಆದರೆ ಅಭಿಮಾನವು ಪ್ರಮಾಣವಾಗಲಾರದು.

ಆಚರಣೆಗಳ ಮೂಲವನ್ನು ಹುಡುಕುವಲ್ಲಿ ಇರತಕ್ಕ ತೊಡಕನ್ನು ಜಪಾನಿನ ಸುಮೋ ಮಲ್ಲಯುದ್ಧದ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಕ್ರಿ. ಶ. 720ರಲ್ಲಿ ಪೂರ್ಣಗೊಂಡ 'ನಿಹೋನ್ ಶೋಕಿ' ಎಂಬ ಇತಿವೃತ್ತದಲ್ಲಿ ನೋಮಿ ನೋ ಸುಕುನೆ ಎಂಬ ಜಟ್ಟಿಯು ಅರಸನ ಸಮ್ಮುಖದಲ್ಲಿ ತನ್ನ ಎದುರಾಳಿಯನ್ನು ಕೊಂದ ಕಥೆ ಇದೆ. ಸುಮೋದ ಆದಿಯನ್ನು ಅಲ್ಲಿಂದ ಹೇಳುವುದು ವಾಡಿಕೆ. ಆದರೆ ಇಂದು ನೋಡುವವನಿಗೆ ಅತ್ಯಂತ ಪುರಾತನವೆಂದು ತೋರುವ ಅಂಶಗಳ ವಯಸ್ಸು ಬೇರೆ. 'ಯೊಕೊಜುನಾ' ಎಂಬ ಬಿರುದು ಜಟ್ಟಿಗಳ ಶ್ರೇಣಿಪಟ್ಟಿಯಲ್ಲಿ ಕಾಣಿಸಿಕೊಂಡುದು 1890ರಲ್ಲಿ. ನಿರ್ಣಾಯಕನ ಪ್ರಾಚೀನ ಶೈಲಿಯ ಉಡುಪು ರೂಢಿಗೆ ಬಂದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಕಣದ ಮೇಲಣ ಛಾವಣಿಯನ್ನು ಇಸೆ ದೇವಾಲಯದ ಮಾದರಿಗೆ ಬದಲಿಸಿದುದು 1931ರಲ್ಲಿ. ಹಾಗೆಂದು ಸುಮೋ ಹೊಸದೆನ್ನಲಾಗದು. ಒಂದೇ ಆಚರಣೆಯಲ್ಲಿ ನಾನಾ ಕಾಲದ ಪದರಗಳಿರುತ್ತವೆ. ಅವುಗಳಲ್ಲಿ ಅತಿ ಹಳೆಯದಾಗಿ ಕಾಣುವುದೇ ಅತಿ ಹಳೆಯದಾಗಿರಬೇಕಿಲ್ಲ. ಈ ವಿವೇಕವನ್ನು ನಮ್ಮ ಮನೆಯ ವಿಷಯಕ್ಕೂ ಅನ್ವಯಿಸಬೇಕು.

ಮೊದಲನೆಯದಾಗಿ ಐತಿಹ್ಯವನ್ನು ನೋಡೋಣ. ಹಾನಗಲ್ಲು ಪಾಂಡವರು ಅಜ್ಞಾತವಾಸದಲ್ಲಿದ್ದ ವಿರಾಟನಗರವೆಂಬ ನಂಬಿಕೆ ಬಹು ಹಿಂದಿನದು. ಪಾನುಂಗಲ್ಲು ಎಂಬ ಹೆಸರಿನ ಜೊತೆಗೆ ವಿರಾಟನಗರಿ, ವಿರಾಟನ ಕೋಟೆ ಎಂಬ ಹೆಸರುಗಳೂ ಶಾಸನಗಳಲ್ಲಿ ಬಂದಿವೆ. ಕೌರವರು ವಿರಾಟನ ಗೋವುಗಳನ್ನು ಸೆರೆಹಿಡಿದ ಗೋಗ್ರಹಣದ ಕಥೆ ಹೀಗೆ ಈ ನೆಲಕ್ಕೆ ಅಂಟಿಕೊಂಡಿತು. ಹೋರಿ ಬೆದರಿಸುವುದು ಆ ಪ್ರಸಂಗದ ಅನುಕರಣವೆಂದು ಹೇಳುವವರಿದ್ದಾರೆ. ಆದರೆ ಶಾಸನದಲ್ಲಿ ಬರುವ ವಿರಾಟನ ಹೆಸರು ಶಾಸನಕಾಲದ ಜನರು ಹಾಗೆ ನಂಬಿದ್ದರೆಂಬುದಕ್ಕೆ ಮಾತ್ರ ಸಾಕ್ಷಿ. ಅಲ್ಲದೆ, ಗೋಗ್ರಹಣದಲ್ಲಿ ಅಪಹರಣಕ್ಕೊಳಗಾಗುವುದು ಹಿಂಡು. ಹೋರಿ ಹಬ್ಬದಲ್ಲಿ ಓಡುವುದು ಒಂಟಿ ಹೋರಿ, ಅದು ಸಂಜೆಗೆ ಒಡೆಯನ ಕೊಟ್ಟಿಗೆಗೇ ಮರಳುತ್ತದೆ. ಹೋಲಿಕೆ ಮೇಲುಮೇಲಿನದು.

ಎರಡನೆಯದು ಶಿಲೆಯ ಸಾಕ್ಷ್ಯ. ಈ ಪ್ರದೇಶವು ವೀರಗಲ್ಲುಗಳಿಂದ ತುಂಬಿದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು ಎಂಬುದು ಇವುಗಳ ಸಾಮಾನ್ಯ ವಿನ್ಯಾಸ. ಎಲ್ಲವೂ ದನಕ್ಕಾಗಿ ನಡೆದ ಹೋರಾಟಗಳವಲ್ಲ: ಹಾನಗಲ್ಲಿನ ಒಂದು ವೀರಗಲ್ಲು, 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಕದಂಬ ಕಾಮದೇವನ ಈ ರಾಜಧಾನಿಗೆ ಮುತ್ತಿಗೆ ಹಾಕಿದಾಗ ಮಡಿದ ಸೇನಾನಿಯದು. ಆದರೆ ಕನ್ನಡನಾಡಿನ ಶಾಸನಗಳಲ್ಲಿ 'ತುರುಗೊಳ್', 'ಪೆಣ್ಬುಯ್ಯಲ್', 'ಊರಳಿವು' ಎಂಬ ಮಾತುಗಳು ಒಟ್ಟೊಟ್ಟಿಗೆ ಬರುವುದನ್ನು ಗಮನಿಸಿದರೆ, ದನಗಳನ್ನು ಕಳೆದುಕೊಳ್ಳುವುದು ಹೆಣ್ಣಿನ ಮಾನಭಂಗಕ್ಕೂ ಊರಿನ ನಾಶಕ್ಕೂ ಸಮನಾದ ವಿಪತ್ತೆಂದು ಆ ಕಾಲದವರು ಎಣಿಸಿದ್ದುದು ವಿದಿತವಾಗುತ್ತದೆ. ಈ ಕಲ್ಲುಗಳು ಸಿದ್ಧಪಡಿಸುವುದು ಇಷ್ಟನ್ನೇ. ಆಟಕ್ಕಾಗಿ ಹೋರಿಯನ್ನು ಓಡಿಸಿದುದಕ್ಕೆ ಅವು ಸಾಕ್ಷಿಯಾಗಲಾರವು. ತುರುವಿಗಾಗಿ ಸತ್ತವನ ಸ್ಮಾರಕವನ್ನು ಇಂದಿನ ಪಂದ್ಯದ ಸಮರ್ಥನೆಗೆ ಎಳೆದು ತರುವುದು ಆ ವೀರನಿಗೂ ನ್ಯಾಯವಲ್ಲ.

ಮೂರನೆಯದು ಪಂಚಾಂಗ ಮತ್ತು ಬೇಸಾಯ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ದೃಢವಾದ ನೆಲೆ ದೊರೆಯುವುದು ಇಲ್ಲಿಯೇ. ಈ ಭಾಗದ ಒಕ್ಕಲಿನ ವರ್ಷದಲ್ಲಿ ದನಗಳಿಗೆ ಮೀಸಲಾದ ದಿನಗಳು ಒಂದೆರಡಲ್ಲ: ಜ್ಯೇಷ್ಠದ ಕಾರಹುಣ್ಣಿವೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ, ಅದರ ಮುಂದಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಪೂಜಿಸುತ್ತಾರೆ, ದೀಪಾವಳಿಯಂದು ಹಟ್ಟಿ ಹಬ್ಬ. ಆ ದಿನ ಸಗಣಿಯಿಂದ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ, ಮನೆಯಲ್ಲಿಯೂ ಕೊಟ್ಟಿಗೆಯಲ್ಲಿಯೂ ಇಟ್ಟು ಪೂಜಿಸುವ ಪದ್ಧತಿ ಇದೆ. ಗೋಗ್ರಹಣದ ಕಥೆ ಹೋರಿಯ ಹಬ್ಬವನ್ನು ಹುಟ್ಟಿಸಿತೆನ್ನುವುದಕ್ಕಿಂತ, ದನದ ಹಬ್ಬವೇ ಪಾಂಡವರನ್ನು ತನ್ನ ಅಂಗಳಕ್ಕೆ ಕರೆದುಕೊಂಡಿತೆನ್ನುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಕಾಲವೂ ಇದಕ್ಕೆ ಅನುಕೂಲವಾಗಿದೆ: ಮುಂಗಾರಿನ ಉಳುಮೆ, ಹರಗಾಟಗಳು ಮುಗಿದು, ಸುಗ್ಗಿಯ ಗಾಡಿ ಹೂಡುವ ಮುನ್ನ ಎತ್ತಿಗೆ ದೊರೆಯುವ ಬಿಡುವು ಇದೇ. ಓಟದ ರೂಪ ಎಂದಿನಿಂದ ಬಂದುದಾದರೂ ಆಗಲಿ, ಅದು ಬೇರೂರಿದ ಮಣ್ಣು ಈ ಬಿಡುವಿನದು.

ನಾಲ್ಕನೆಯದು ಶಬ್ದಗಳ ಸಾಕ್ಷ್ಯ. ಹೋರಿ, ಬೆದರಿಸು, ಹಟ್ಟಿ, ಹರಿ ಎಂಬ ಪದಗಳು ಅಚ್ಚಗನ್ನಡದವು. ಝೂಲ, ಅಖಾಡ, ಪೈಲ್ವಾನ, ಇನಾಮು ಎಂಬವು ಪಾರಸಿ, ಅರಬ್ಬಿ, ಹಿಂದುಸ್ತಾನಿಗಳಿಂದ ಬಂದವು. ಆಟದ ತಿರುಳನ್ನು ಹೇಳುವ ಪದಗಳು ದೇಶ್ಯವಾಗಿಯೂ, ಅದರ ಅಲಂಕಾರ ಮತ್ತು ಪಂದ್ಯದ ವ್ಯವಸ್ಥೆಯನ್ನು ಹೇಳುವ ಪದಗಳು ಅನ್ಯದೇಶ್ಯವಾಗಿಯೂ ಇರುವುದು ಗಮನಾರ್ಹ. ಬಿಜಾಪುರದ ಆದಿಲಶಾಹಿ ಆಡಳಿತ, ಮರಾಠರ ಆಡಳಿತ, 1948ರವರೆಗೆ ಉಳಿದಿದ್ದ ಸವಣೂರಿನ ನವಾಬರ ಸಂಸ್ಥಾನ ಇವುಗಳ ಸಂಪರ್ಕದಿಂದ ಕುಸ್ತಿಯ ಕಣದ ಭಾಷೆ ಹೋರಿಯ ಕಣಕ್ಕೂ ಬಂದಿರಬಹುದೆಂದು ಊಹಿಸಲು ಅವಕಾಶವಿದೆ. ಈ ಹಬ್ಬವನ್ನು ಅಪ್ಪಟವಾಗಿ ಒಂದೇ ಕಾಲದ್ದು, ಒಂದೇ ಜನದ್ದು ಎನ್ನುವವರು ಅದರ ಝೂಲವನ್ನು ಮೊದಲು ಕಳಚಿಡಬೇಕಾದೀತು.

ಹಬ್ಬದ ವ್ಯಾಪ್ತಿಯೂ ವಿಚಾರಾರ್ಹವಾಗಿದೆ. 1956ರವರೆಗೆ ಹಿರೇಕೆರೂರು ಮುಂಬಯಿ ಪ್ರಾಂತದಲ್ಲಿಯೂ, ನೆರೆಯ ಶಿಕಾರಿಪುರ, ಸೊರಬಗಳು ಮೈಸೂರಿನಲ್ಲಿಯೂ ಇದ್ದವು. ಆಡಳಿತದ ಈ ಗೆರೆಯ ಎರಡೂ ಬದಿಗಳಲ್ಲಿ ಹಬ್ಬ ಒಂದೇ ಆಗಿದೆ. ಇದನ್ನು ಕಂಡು ಬನವಾಸಿ ಪನ್ನಿರ್ಚ್ಛಾಸಿರ, ಪಾನುಂಗಲ್ಲು ಅಯ್ನೂರುಗಳ ಹಳೆಯ ಎಲ್ಲೆಯನ್ನು ನೆನೆಯುವುದು ಸಹಜ. ಆದರೆ ಹೋರಿಯ ಸಂತೆಯೂ ಕೊಬ್ಬರಿಯ ವ್ಯಾಪಾರವೂ ನೆಂಟಸ್ತಿಕೆಯೂ ಸಾಗುವ ದಾರಿ ಗೆರೆಗಳನ್ನು ಕೇಳುವುದಿಲ್ಲ. ಆದ್ದರಿಂದ ಇದನ್ನು ಸೂಚನೆಯೆಂದು ಭಾವಿಸಬಹುದೇ ಹೊರತು ನಿರ್ಣಯವೆಂದಲ್ಲ.

ಇನ್ನು ಇತ್ತೀಚಿನ ಪದರ. ಬಂಗಾರದುಂಗುರ, ಮೋಟಾರು ಸೈಕಲ್ಲುಗಳ ಬಹುಮಾನ, ಚಲಚ್ಚಿತ್ರಗಳ ಹೆಸರು ಹೊತ್ತ ಹೋರಿಗಳು, ಧ್ವನಿವರ್ಧಕದ ಕೂಗು ಇವು ನಮ್ಮ ಕಾಲದವು. ಉಳುಮೆ ಟ್ರ್ಯಾಕ್ಟರಿನ ಪಾಲಾದಂತೆ, ದುಡಿಯುವ ಎತ್ತಿಗೆ ಸಲ್ಲುತ್ತಿದ್ದ ಗೌರವವು ಪಂದ್ಯಕ್ಕೆಂದೇ ಸಾಕಿದ ಹೋರಿಗೆ ಸಲ್ಲತೊಡಗಿದೆ. ಜನಸಂದಣಿ ಹೆಚ್ಚಿದೆ, ಹೋರಿಯ ಹಾದಿಗೆ ಸಿಕ್ಕಿ ಹಿಡಿಯುವವರೂ ನೋಡಬಂದವರೂ ಪ್ರಾಣ ಕಳೆದುಕೊಂಡ ಪ್ರಸಂಗಗಳು ನಡೆದಿವೆ. ಸಾವಿರ ವರ್ಷದ ಸಂಪ್ರದಾಯವೆಂಬ ಒಂದು ಮಾತಿನಿಂದ ಈ ಸಾವುಗಳಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿಲುವು ಇದು. ಹೋರಿ ಹಬ್ಬಕ್ಕೆ ಒಂದು ಮೂಲವಿಲ್ಲ. ಒಕ್ಕಲಿಗನ ದನದ ಪೂಜೆಯ ಮೇಲೆ ಪುರಾಣದ ಹೆಸರು, ಕುಸ್ತಿಯ ಕಣದ ಭಾಷೆ, ಇಂದಿನ ಪಂದ್ಯದ ಹುರುಪು ಒಂದರ ಮೇಲೊಂದು ಕೂಡಿಕೊಂಡಿವೆ. ಇದರಿಂದ ಹಬ್ಬದ ಬೆಲೆ ಕುಂದುವುದಿಲ್ಲ. ಹಳತು ಎಂಬ ಕಾರಣಕ್ಕೆ ಅದು ಉಳಿಯಬೇಕೆನ್ನುವುದೂ, ಹಳತೆಂದು ಸಿದ್ಧವಾಗಲಿಲ್ಲವೆಂಬ ಕಾರಣಕ್ಕೆ ಅಳಿಯಬೇಕೆನ್ನುವುದೂ ಸಮಾನವಾದ ತಪ್ಪುಗಳು. ಅದು ಹೇಗೆ ನಡೆಯಬೇಕೆಂಬುದನ್ನು ಹೋರಿಯ ಮತ್ತು ಮನುಷ್ಯನ ಕ್ಷೇಮವನ್ನು ನೋಡಿ ಇಂದಿನವರೇ ತೀರ್ಮಾನಿಸಬೇಕು. ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ ಬೇರೆ: ನೇಗಿಲ ಎತ್ತನ್ನು ಕಟ್ಟಿ ಬಾಳಿದ ಹಿರಿಯರು ಇನ್ನೂ ಇರುವಾಗಲೇ, ಅವರ ಕಾಲದ ಹಬ್ಬದ ಕ್ರಮ, ಪದಗಳು, ಹಾರಕ್ಕೆ ಕಟ್ಟುತ್ತಿದ್ದ ಕೊಬ್ಬರಿಯ ಲೆಕ್ಕ ಇವನ್ನು ಊರೂರಿಗೆ ಹೋಗಿ ಬರೆದುಕೊಳ್ಳುವುದು. ಕಲ್ಲು ಇನ್ನೂ ಕೆಲವು ಶತಮಾನ ಕಾಯಬಲ್ಲದು; ಈ ನೆನಪು ಕಾಯಲಾರದು.