ಸ್ವಂತ ದಾಖಲೆಯ ಕೋರಿಕೆ, ಗ್ರಾಮ ಪಂಚಾಯಿತಿಯಲ್ಲಿ

ಇದು ನಾಗರಿಕರ ಬಗ್ಗೆ ಸ್ಥಳೀಯ ಸಂಸ್ಥೆ ಇಟ್ಟಿರುವ ದಾಖಲೆಯನ್ನು ಅವರೇ ನೋಡಲು, ನಕಲು ಪಡೆಯಲು ಸಲ್ಲಿಸುವ ಅರ್ಜಿ. ಖಾದಿ ಕೇಂದ್ರದಿಂದ ಹೆಸರಾದ ನಂಜನಗೂಡು ತಾಲ್ಲೂಕಿನ ಬದನವಾಳಿನಂಥ ಊರಲ್ಲಿ ಮನೆಕಂದಾಯದ ವಹಿ, ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ನರೇಗಾ ಜಾಬ್ ಕಾರ್ಡಿನ ಹಾಜರಿ ಇಂಥ ದಾಖಲೆಗಳು. ಜಮೀನಿನ ಪಹಣಿ ಮಾತ್ರ ಕಂದಾಯ ಇಲಾಖೆಯದು. ಅದನ್ನು ನಾಡಕಚೇರಿಯಲ್ಲಿ ಪಡೆಯಬಹುದು.

ಮುಖ್ಯ ಆಧಾರ 2005ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಶುಲ್ಕದೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಏಕೆ ಬೇಕೆಂದು ಕೇಳುವಂತಿಲ್ಲ, ಆದರೂ ಆ ಪ್ರಶ್ನೆ ಕೌಂಟರಿನಲ್ಲಿ ಬರುವುದುಂಟು. 30 ದಿನದಲ್ಲಿ ಉತ್ತರ ಸಿಗದಿದ್ದರೆ ಮೊದಲ ಮೇಲ್ಮನವಿ, ಅನಂತರ ಕರ್ನಾಟಕ ಮಾಹಿತಿ ಆಯೋಗ.

ಈ ಕಾಯ್ದೆ ಸರ್ಕಾರದ ಕೆಲಸ ಬಯಲಿಗೆ ತರಲು ಹುಟ್ಟಿದ್ದು, ದಾಖಲೆ ತಿದ್ದಲು ಅಲ್ಲ. ಆದ್ದರಿಂದ ಹೆಸರೋ ಅಳತೆಯೋ ತಪ್ಪಿದ್ದರೆ ಇದರಡಿ ನಕಲಷ್ಟೇ ದೊರೆಯುತ್ತದೆ, ತಿದ್ದುಪಡಿಗೆ ಬೇರೆ ಅರ್ಜಿಯೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿಸಿಕೊಳ್ಳುವ ಹಕ್ಕನ್ನೂ ಹೇಳುತ್ತದೆ. ಆದರೆ ಅದು ಒಪ್ಪಿಗೆಯ ಮೇಲೆ ಕೊಟ್ಟ ಮಾಹಿತಿಗೆ ಸೀಮಿತ. ಕಂದಾಯದ ವಹಿಗೆ ಯಾರೂ ಒಪ್ಪಿಗೆ ಕೇಳಿ ಹೆಸರು ಬರೆದಿಲ್ಲ. 2023ರ ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬಿಗಿಗೊಳಿಸಿ, ಬೇರೆಯವರ ವೈಯಕ್ತಿಕ ವಿವರ ಪಡೆಯುವುದನ್ನು ಕಷ್ಟವಾಗಿಸಿದೆ.