ನೆಲದ ಮೇಲೆ ಕಲಿತ ಹಾರಾಟ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದನ್ನು ನಾವು ಬರೀ ಆಟವೆಂದು ಭಾವಿಸುತ್ತೇವೆ. ಆದರೆ ಅದರ ಹಿಂದೆ ಸಾವುನೋವುಗಳ ಚರಿತ್ರೆಯೇ ಇದೆ.

ಅಮೆರಿಕದ ಎಡ್ವಿನ್ ಲಿಂಕ್, ತಂದೆಯ ವಾದ್ಯ ಕಾರ್ಖಾನೆಯ ತಿದಿಗಳನ್ನು ಬಳಸಿ 1929ರಲ್ಲಿ ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನವನ್ನು ನಿರ್ಮಿಸಿದರು. ಮೊದಮೊದಲು ಅದು ಮನರಂಜನೆಯ ವಸ್ತುವಾಗಿತ್ತು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ಪೈಲಟರು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ಸೇನೆ ಆರು ಯಂತ್ರಗಳನ್ನು ಕೊಂಡಿತು. 1982ರಲ್ಲಿ ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಈ ವಿದ್ಯೆಯನ್ನು ಮನೆಯ ಮೇಜಿಗೆ ತಂದಿತು.

1985ರಲ್ಲಿ ಜಪಾನಿನ ವಿಮಾನವೊಂದರ ಹೈಡ್ರಾಲಿಕ್ ವ್ಯವಸ್ಥೆ ನಾಶವಾಗಿ 520 ಮಂದಿ ಸತ್ತರು. ತರಬೇತುದಾರ ಡೆನ್ನಿಸ್ ಫಿಚ್ ಆ ದುರಂತವನ್ನು ಅಭ್ಯಸಿಸಿ, ಎಂಜಿನ್‌ಗಳ ಬಲದಿಂದಲೇ ವಿಮಾನವನ್ನು ತಿರುಗಿಸುವುದನ್ನು ಸಿಮ್ಯುಲೇಟರಿನಲ್ಲಿ ಕಲಿತರು. 1989ರಲ್ಲಿ ಅವರು ಪ್ರಯಾಣಿಕರಾಗಿದ್ದ ಯುನೈಟೆಡ್ 232 ವಿಮಾನಕ್ಕೂ ಅದೇ ಗತಿ ಬಂತು. ಕ್ಯಾಪ್ಟನ್ ಆಲ್ ಹೇನ್ಸ್ ಅವರ ನೆರವನ್ನು ಸಂಕೋಚವಿಲ್ಲದೆ ಸ್ವೀಕರಿಸಿದರು. ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. ಆದರೂ 296 ಮಂದಿಯಲ್ಲಿ 184 ಮಂದಿ ಬದುಕುಳಿದರು.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಕಣಿವೆಗುರುಳಿ 158 ಮಂದಿ ಅಸುನೀಗಿದರು. ಮತ್ತೆ ಮೇಲೇರೋಣವೆಂದು ಸಹಪೈಲಟ್ ಎಚ್ಚರಿಸಿದ್ದರೂ ಮುಖ್ಯ ಪೈಲಟ್ ಇಳಿಸಲು ಮುಂದಾದರೆಂದು ತನಿಖಾ ವರದಿ ಹೇಳಿತು.

ಯಂತ್ರ ಕೈಗೆ ಅಭ್ಯಾಸ ಕೊಡಬಲ್ಲದು. ಕಿರಿಯರ ಮಾತಿಗೆ ಕಿವಿಗೊಡುವ ವಿನಯವನ್ನು ಮನುಷ್ಯ ತಾನೇ ರೂಢಿಸಿಕೊಳ್ಳಬೇಕು. ಮನೆ, ಮಸೀದಿ, ಕಚೇರಿಗಳಲ್ಲಿ ಹಿರಿತನದ ಸ್ಥಾನದಲ್ಲಿ ಕುಳಿತಿರುವ ನಮಗೂ ಇದು ಅನ್ವಯಿಸುತ್ತದೆ.